ಕಾವಲುಗಾರರ ಮನೆಗೇ ಕನ್ನ

2011ರ ಫೆಬ್ರುವರಿ ಮಧ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರ್‌ಎಸ್‌ಎ ಸಮ್ಮೇಳನ ನಡೆಯುತ್ತಿತ್ತು. ಕಂಪ್ಯೂಟರ್ ಭದ್ರತೆಯನ್ನು ಮಾರುವವರು, ಕೊಳ್ಳುವವರು ವರ್ಷಕ್ಕೊಮ್ಮೆ ನೆರೆಯುವ ದೊಡ್ಡ ಜಾತ್ರೆ ಅದು. ಫೈರ್‌ವಾಲ್, ಆ್ಯಂಟಿವೈರಸ್ ಕಂಪನಿಗಳ ಥಳಥಳಿಸುವ ಮಳಿಗೆಗಳ ಸಾಲಿನಲ್ಲಿ ಒಂದರಲ್ಲಿ ಮಾತ್ರ ಜನರಿರಲಿಲ್ಲ, ಬರೀ ಒಂದು ಫಲಕವಿತ್ತು. ನಮ್ಮ ಮೇಲೆ ದಾಳಿ ನಡೆದಿದೆ, ಹಾಗಾಗಿ ಸಮ್ಮೇಳನದಿಂದ ಹಿಂದೆ ಸರಿದಿದ್ದೇವೆ ಎಂಬ ಅರ್ಥದ ಒಕ್ಕಣೆ. ಮಳಿಗೆ ಎಚ್‌ಬಿಗ್ಯಾರಿ ಎಂಬ ಕಂಪನಿಯದು. ಬೇರೆಯವರ ಕಂಪ್ಯೂಟರಿಗೆ ಹೊಕ್ಕ ಕಳ್ಳ ತಂತ್ರಾಂಶವನ್ನು ಹುಡುಕಿ ಹಿಡಿಯುವುದೇ ಅದರ ಕಸುಬಾಗಿತ್ತು.

ಅನಾಹುತಕ್ಕೆ ಕಾರಣವಾದದ್ದು ಒಂದು ಜಂಬದ ಮಾತು. ಎಚ್‌ಬಿಗ್ಯಾರಿಗೆ 'ಎಚ್‌ಬಿಗ್ಯಾರಿ ಫೆಡರಲ್' ಎಂಬ ಸೋದರ ಸಂಸ್ಥೆಯಿತ್ತು. ಅಮೆರಿಕ ಸರ್ಕಾರದ ಗುತ್ತಿಗೆ ಹಿಡಿಯುವುದಕ್ಕೆಂದೇ ಕಟ್ಟಿದ್ದು. ಗುತ್ತಿಗೆ ಸಾಲದೆ ಅದು ಏದುಸಿರು ಬಿಡುತ್ತಿದ್ದ ಹೊತ್ತಿನಲ್ಲಿ ಮುಖ್ಯಸ್ಥ ಆ್ಯರನ್ ಬಾರ್ ಒಂದು ಉಪಾಯ ಹೂಡಿದ. ವಿಕಿಲೀಕ್ಸ್‌ಗೆ ದೇಣಿಗೆ ಹೋಗುವ ದಾರಿ ಮುಚ್ಚಿದರೆಂಬ ಸಿಟ್ಟಿಗೆ ಪೇಪಾಲ್, ಮಾಸ್ಟರ್‌ಕಾರ್ಡ್, ವೀಸಾ ಕಂಪನಿಗಳ ಮೇಲೆ ಮುಗಿಬಿದ್ದಿದ್ದ 'ಅನಾನಿಮಸ್' ಹ್ಯಾಕರ್ ಗುಂಪು ಆಗ ಎಲ್ಲರ ಬಾಯಲ್ಲಿತ್ತು. ಫೇಸ್‌ಬುಕ್‌ಗೆ ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಗುಂಪಿನ ಚಾಟ್ ಕಟ್ಟೆಯಲ್ಲಿ ಯಾವ ಅಡ್ಡಹೆಸರು ಎಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತದೆ ಎಂದು ತಾಳೆ ಹಾಕಿ, ಗುಂಪಿನ ಮುಖಂಡರು ಯಾರೆಂದು ಪತ್ತೆ ಹಚ್ಚಿದ್ದೇನೆ ಎಂದು ಬಾರ್ 'ಫೈನಾನ್ಶಿಯಲ್ ಟೈಮ್ಸ್' ಪತ್ರಿಕೆಗೆ ಹೇಳಿಕೊಂಡ. ಫೆಬ್ರುವರಿ ಮೊದಲ ವಾರ ವರದಿ ಅಚ್ಚಾಯಿತು. ಅದರ ಬೆನ್ನಿಗೇ, ಅಮೆರಿಕನ್ನರೆಲ್ಲ ಸೂಪರ್ ಬೌಲ್ ಪಂದ್ಯಕ್ಕಾಗಿ ಟಿ.ವಿ. ಮುಂದೆ ಕೂತಿದ್ದ ಭಾನುವಾರ, ಕಂಪನಿಯ ಮಾನ ಬೀದಿಗೆ ಬಿತ್ತು.

ಅನಾನಿಮಸ್‌ನವರು ಹೇಗೆ ನುಗ್ಗಿದರು ಎನ್ನುವುದೇ ಈ ಕಥೆಯ ಸ್ವಾರಸ್ಯ. ಕಂಪನಿಯ ಜಾಲತಾಣವನ್ನು ನಡೆಸುತ್ತಿದ್ದ ತಂತ್ರಾಂಶವನ್ನು ಹೊರಗಿನವರಿಂದ ಬರೆಸಿಕೊಂಡಿದ್ದರು. ಪುಟದ ವಿಳಾಸದೊಳಗೇ ದತ್ತಾಂಶ ಕೋಶಕ್ಕೆ ಆಜ್ಞೆ ನುಸುಳಿಸುವ 'ಎಸ್‌ಕ್ಯುಎಲ್ ಇಂಜೆಕ್ಷನ್'ಗೆ ಅದು ತೆರೆದುಕೊಂಡಿತ್ತು. ಭದ್ರತೆಯ ಯಾವ ತರಬೇತಿಗೆ ಹೋದರೂ ಮೊದಮೊದಲ ತರಗತಿಗಳಲ್ಲೇ ಹೇಳಿಕೊಡುವ ದೋಷ ಇದು. ಅಲ್ಲಿಂದ ಪಾಸ್‌ವರ್ಡ್ ಪಟ್ಟಿ ಸಿಕ್ಕಿತು. ಎಂಡಿ5 ಎಂಬ ಹಳೇ ವಿಧಾನದಲ್ಲಿ ಹ್ಯಾಶ್ ಮಾಡಿ, ಎಂದರೆ ಗುರುತು ಸಿಗದಂತೆ ಕಲಸಿ, ಸಾಲ್ಟ್ ಎಂಬ ಹೆಚ್ಚುವರಿ ಅಕ್ಷರಗಳನ್ನೂ ಬೆರೆಸದೆ ಇಟ್ಟಿದ್ದ ಪಟ್ಟಿ. ಅಂಥ ಹ್ಯಾಶ್‌ನಿಂದ ಮೂಲ ಪಾಸ್‌ವರ್ಡ್ ತೆಗೆಯುವ ಸಿದ್ಧ ಕೋಷ್ಟಕಗಳು ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತವೆ. ಮುಖ್ಯಸ್ಥ ಬಾರ್‌ನದೂ ಅವನ ಕೆಳಗಿನ ಅಧಿಕಾರಿಯದೂ ಆರು ಸಣ್ಣಕ್ಷರ, ಎರಡು ಅಂಕಿಗಳ ಪಾಸ್‌ವರ್ಡ್. ಬಾರ್ ಅದನ್ನೇ ಟ್ವಿಟರಿಗೂ ಲಿಂಕ್ಡ್‌ಇನ್‌ಗೂ ಕಂಪನಿಯ ಇ-ಮೇಲಿಗೂ ಇಟ್ಟುಕೊಂಡಿದ್ದ. ಸಾಲದ್ದಕ್ಕೆ ಇಡೀ ಕಂಪನಿಯ ಇ-ಮೇಲ್ ವ್ಯವಸ್ಥೆಗೆ ಅವನೇ ಆಡಳಿತಾಧಿಕಾರಿ. ಒಂದು ಪಾಸ್‌ವರ್ಡ್ ಸಿಕ್ಕಿದ್ದೇ ತಡ, ಎಲ್ಲರ ಅಂಚೆಪೆಟ್ಟಿಗೆಯೂ ಬಿಚ್ಚಿಕೊಂಡಿತು.

ಇಷ್ಟರಲ್ಲೇ ನಿಲ್ಲಲಿಲ್ಲ. ಎಚ್‌ಬಿಗ್ಯಾರಿಯ ಸ್ಥಾಪಕ ಗ್ರೆಗ್ ಹಾಗ್‌ಲಂಡ್ ಕಂಪ್ಯೂಟರಿನ ಆಳದಲ್ಲಿ ಅಡಗಿ ಕೂರುವ ರೂಟ್‌ಕಿಟ್‌ಗಳ ಬಗ್ಗೆ ಪುಸ್ತಕ ಬರೆದ ಪಂಡಿತ. ಅವನದೇ ಇನ್ನೊಂದು ಜಾಲತಾಣದ ಸರ್ವರನ್ನು ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಒಬ್ಬ ಭದ್ರತಾ ತಜ್ಞರು. ದಾಳಿಕೋರರು ಹಾಗ್‌ಲಂಡ್‌ನ ಇ-ಮೇಲಿನಿಂದಲೇ ಅವರಿಗೆ ಬರೆದರು: ನಾನೀಗ ಯುರೋಪಿನಲ್ಲಿದ್ದೇನೆ, ಸರ್ವರಿಗೆ ಹೊಗಬೇಕು, ಫೈರ್‌ವಾಲ್ ಸ್ವಲ್ಪ ತೆಗೆಯಿರಿ, ಪಾಸ್‌ವರ್ಡ್ ಹಳೆಯದೇನಾ ಬದಲಾಯಿಸಿದೆವಾ? ತಜ್ಞರು ನಂಬಿದರು. ಫೈರ್‌ವಾಲ್ ತೆರೆದರು, ಪಾಸ್‌ವರ್ಡನ್ನು ಹೊಸದಾಗಿ ಮಾಡಿಕೊಟ್ಟರು. 'ಹಾಗ್‌ಲಂಡ್' ತನ್ನ ಬಳಕೆದಾರ ಹೆಸರು ಏನೆಂದು ಕೇಳಿದಾಗಲೂ ಅವರಿಗೆ ಅನುಮಾನ ಬರಲಿಲ್ಲ, ಅದನ್ನೂ ಹೇಳಿದರು. ಈ ಪತ್ರವ್ಯವಹಾರವೂ ಆಮೇಲೆ ಜಗಜ್ಜಾಹೀರಾಯಿತು. ಓದಿದವರು ನಕ್ಕರು. ನಗುವ ಮೊದಲು ನಾವೂ ಅವರ ಜಾಗದಲ್ಲಿದ್ದಿದ್ದರೆ ಹಾಗೇ ಮಾಡುತ್ತಿದ್ದೆವೋ ಏನೋ ಎಂದು ಯೋಚಿಸುವುದು ಒಳ್ಳೆಯದು. ಬಾಸ್‌ನ ವಿಳಾಸದಿಂದ ಬಂದ ಅವಸರದ ಪತ್ರಕ್ಕೆ 'ನೀವೇ ಹೌದಾ?' ಎಂದು ಮರುಪ್ರಶ್ನೆ ಹಾಕುವ ಎದೆಗಾರಿಕೆ ಎಷ್ಟು ಕಚೇರಿಗಳಲ್ಲಿದೆ?

ಹೊರಬಿದ್ದ ಹತ್ತಾರು ಸಾವಿರ ಇ-ಮೇಲ್‌ಗಳಲ್ಲಿ ಮುಜುಗರಕ್ಕಿಂತ ಕೆಟ್ಟದ್ದೂ ಇತ್ತು. ಬ್ಯಾಂಕ್ ಆಫ್ ಅಮೆರಿಕದ ಪರ ವಕೀಲರನ್ನು ಮೆಚ್ಚಿಸಲು ಸಿದ್ಧಪಡಿಸಿದ ಪ್ರಸ್ತಾವವೊಂದರಲ್ಲಿ ವಿಕಿಲೀಕ್ಸ್‌ಗೆ ಸುಳ್ಳು ದಾಖಲೆ ದಾಟಿಸುವುದು, ಅದನ್ನು ಬೆಂಬಲಿಸುವ ಪತ್ರಕರ್ತರ ಮೇಲೆ ಒತ್ತಡ ಹೇರುವುದು ಮುಂತಾದ ಸಲಹೆಗಳಿದ್ದವು. ಪ್ರಸ್ತಾವದಲ್ಲಿ ಕೈಜೋಡಿಸಿದ್ದ ಪ್ಯಾಲಂಟಿರ್ ಕಂಪನಿ ಕ್ಷಮೆ ಕೇಳಿ ನಂಟು ಕಡಿದುಕೊಂಡಿತು. ಎಚ್‌ಬಿಗ್ಯಾರಿಯ ಅಧ್ಯಕ್ಷೆ ಪೆನ್ನಿ ಲೀವಿ ಅನಾನಿಮಸ್‌ನವರ ಚಾಟ್ ಕಟ್ಟೆಗೇ ಬಂದು, ಇ-ಮೇಲ್‌ಗಳನ್ನು ಹೊರಗೆ ಬಿಡಬೇಡಿ ಎಂದು ಬೇಡಿಕೊಂಡರು. ಪ್ರಯೋಜನವಾಗಲಿಲ್ಲ. ತಿಂಗಳ ಕೊನೆಗೆ ಬಾರ್ ರಾಜೀನಾಮೆ ಕೊಟ್ಟ.

ದಾಳಿ ಮಾಡಿದವರಾದರೂ ಯಾರು? ನ್ಯೂಯಾರ್ಕಿನ ಹೆಕ್ಟರ್ ಮೊನ್ಸೆಗರ್ ಒಬ್ಬ. ಹದಿಹರೆಯದ ಹುಡುಗಿಯ ವೇಷದಲ್ಲಿ ಮಾತಾಡುತ್ತಿದ್ದ ರಯಾನ್ ಆ್ಯಕ್ರಾಯ್ಡ್ ಇನ್ನೊಬ್ಬ, ಬ್ರಿಟಿಷ್ ಸೇನೆಯಲ್ಲಿದ್ದು ಬಂದವನು. ಸ್ಕಾಟ್ಲೆಂಡಿನ ಶೆಟ್‌ಲಂಡ್ ದ್ವೀಪಗಳಿಂದ ಕೀಬೋರ್ಡ್ ಒತ್ತುತ್ತಿದ್ದ 18ರ ಜೇಕ್ ಡೇವಿಸ್. ಲಂಡನ್ನಿನ ಮುಸ್ತಫಾ ಅಲ್-ಬಸ್ಸಾಮ್‌ಗೆ ಆಗ ವಯಸ್ಸು 16. ಇವರಲ್ಲಿ ಇಬ್ಬರ ಮುಂದಿನ ಬದುಕಿನ ಮಾತು ಆಮೇಲೆ.

ಜಾತ್ರೆ ಮುಗಿದು ತಿಂಗಳಾಗಿರಲಿಲ್ಲ, ಜಾತ್ರೆಗೆ ಹೆಸರು ಕೊಟ್ಟ ಕಂಪನಿಯ ಸರದಿಯೇ ಬಂತು. ಆರ್‌ಎಸ್‌ಎ ಎಂದರೆ ರಿವೆಸ್ಟ್, ಶಮೀರ್, ಆ್ಯಡಲ್‌ಮನ್ ಎಂಬ ಮೂವರು ಗಣಿತಜ್ಞರ ಹೆಸರಿನ ಮೊದಲಕ್ಷರಗಳು. ಗೂಢಲಿಪಿ ಶಾಸ್ತ್ರದ ದಿಕ್ಕು ಬದಲಿಸಿದವರು ಅವರು. ಅವರ ಕಂಪನಿಯ 'ಸೆಕ್ಯುರ್‌ಐಡಿ' ಟೋಕನ್ನನ್ನು ಬೆಂಗಳೂರಿನ ಹಳೆಯ ಐಟಿ ನೌಕರರು ಮರೆತಿರಲಾರರು. ಕೀಗೊಂಚಲಿಗೆ ತೂಗುಬಿಟ್ಟ ಪುಟ್ಟ ಉಪಕರಣ. ಅದರ ಕಿಟಕಿಯಲ್ಲಿ ನಿಮಿಷಕ್ಕೊಮ್ಮೆ ಅಂಕಿಗಳು ಬದಲಾಗುತ್ತಿದ್ದವು. ಮನೆಯಿಂದ ಕಚೇರಿಯ ಕಂಪ್ಯೂಟರಿಗೆ ಹೊಗಬೇಕಾದರೆ ಪಾಸ್‌ವರ್ಡಿನ ಜೊತೆಗೆ ಆ ಅಂಕಿಗಳನ್ನೂ ಒತ್ತಬೇಕು. ಪ್ರತಿ ಟೋಕನ್ನಿನೊಳಗೂ 'ಸೀಡ್' ಎಂಬ ಗುಟ್ಟಿನ ಸಂಖ್ಯೆಯೊಂದಿರುತ್ತದೆ, ಕಿಟಕಿಯ ಅಂಕಿಗಳು ಹುಟ್ಟುವುದು ಅದರಿಂದಲೇ. ಸೀಡ್ ಗೊತ್ತಿದ್ದವನು ಟೋಕನ್ ಇಲ್ಲದೆಯೂ ಅಂಕಿ ಲೆಕ್ಕ ಹಾಕಬಲ್ಲ. ಈ ಸೀಡ್‌ಗಳ ಪ್ರತಿಯನ್ನು ಆರ್‌ಎಸ್‌ಎ ತನ್ನಲ್ಲೂ ಇಟ್ಟುಕೊಂಡಿತ್ತು.

2011ರ ಮಾರ್ಚ್ 3ರಂದು ಮಾತೃಸಂಸ್ಥೆ ಇಎಂಸಿಯ ನೌಕರರೊಬ್ಬರಿಗೆ, ಪ್ರತಿಗಳು ಇನ್ನೂ ಮೂವರಿಗೆ, ಒಂದು ಇ-ಮೇಲ್ ಬಂತು. ವಿಷಯ: 2011ರ ನೇಮಕಾತಿ ಯೋಜನೆ. ಜೊತೆಗೊಂದು ಎಕ್ಸೆಲ್ ಕಡತ. ಅನುಮಾನಾಸ್ಪದ ಅಂಚೆಯನ್ನು ಬದಿಗಿಡುವ ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿ ಅದನ್ನು ಜಂಕ್ ಪೆಟ್ಟಿಗೆಗೆ ತಳ್ಳಿತ್ತು. ಯಾರೋ ಒಬ್ಬರಿಗೆ ತಡೆಯಲಾಗಲಿಲ್ಲ, ಅಲ್ಲಿಂದ ಎತ್ತಿ ತೆರೆದರು. ಹಾಳೆ ಖಾಲಿ. ಅದರೊಳಗೆ ಅಡಗಿದ್ದ ಫ್ಲ್ಯಾಶ್ ಕಡತ, ಆವರೆಗೆ ಯಾರಿಗೂ ಗೊತ್ತಿರದಿದ್ದ ದೋಷವೊಂದನ್ನು ಬಳಸಿ ಹಿಂಬಾಗಿಲು ತೆರೆಯಿತು. ಯಾರಿಗೆ ಕೆಲಸ ಕೊಡಲಿದ್ದಾರೆ, ಯಾರ ಜಾಗ ಹೋಗಲಿದೆ ಎಂದು ತಿಳಿಯುವ ಆಸೆ ಯಾವ ನೌಕರನಿಗಿರುವುದಿಲ್ಲ? ಕಳಿಸಿದವರು ಕಂಪ್ಯೂಟರಿಗಿಂತ ಕಚೇರಿಯನ್ನು ಚೆನ್ನಾಗಿ ಓದಿಕೊಂಡಿದ್ದರು.

ಸೀಡ್‌ಗಳ ಉಗ್ರಾಣವನ್ನು ಬೇರೆಲ್ಲದರಿಂದ ದೂರವಿಟ್ಟಿದ್ದೇವೆ ಎಂದು ಕಂಪನಿಯೊಳಗಿನವರು ನಂಬಿಕೊಂಡಿದ್ದರು. ನಿಜದಲ್ಲಿ ಒಂದು ಎಳೆ ಉಳಿದಿತ್ತು. ಗ್ರಾಹಕರಿಗೆ ಸೀಡ್‌ಗಳನ್ನು ಸಿ.ಡಿ.ಯಲ್ಲಿ ಬರೆದು ಕಳಿಸುವ ಕೆಲಸಕ್ಕಾಗಿ ಒಂದು ಸರ್ವರ್ 15 ನಿಮಿಷಕ್ಕೊಮ್ಮೆ ಉಗ್ರಾಣದಿಂದ ಸೀಡ್ ಎಳೆದುಕೊಳ್ಳುತ್ತಿತ್ತು. ಅನುಕೂಲಕ್ಕೆಂದು ಬಿಟ್ಟ ಆ ಎಳೆಯನ್ನೇ ಹಿಡಿದು ದಾಳಿಕೋರರು ಒಳಗೆ ಹೋದರು. ಮೇ ತಿಂಗಳಲ್ಲಿ ಯುದ್ಧವಿಮಾನ ಕಟ್ಟುವ ಲಾಕ್‌ಹೀಡ್ ಮಾರ್ಟಿನ್ ಮೇಲೆ ದಾಳಿ ನಡೆಯಿತು. ಕದ್ದ ಮಾಹಿತಿಯನ್ನು ಅಲ್ಲಿ ಬಳಸಲಾಗಿದೆ ಎಂದು ಆರ್‌ಎಸ್‌ಎ ಜೂನ್‌ನಲ್ಲಿ ಒಪ್ಪಿಕೊಂಡು, ಟೋಕನ್ ಬದಲಿಸಿಕೊಡುವುದಾಗಿ ಹೇಳಿತು. ಆಗ ಜಗತ್ತಿನಲ್ಲಿ ಸುಮಾರು 4 ಕೋಟಿ ಟೋಕನ್‌ಗಳು ಚಲಾವಣೆಯಲ್ಲಿದ್ದವು. ಇಎಂಸಿಗೆ ಬಿದ್ದ ಖರ್ಚು 6.6 ಕೋಟಿ ಡಾಲರ್. ದಾಳಿಯ ಹಿಂದೆ ಚೀನಾ ಇದೆ ಎಂದು ಅಮೆರಿಕದ ಸೈಬರ್ ಸೇನಾಪತಿ ಮರುವರ್ಷ ಸೆನೆಟ್ ಮುಂದೆ ಹೇಳಿದರು.

ಅದೇ ವರ್ಷ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಮುಳುಗಿಯೇ ಹೋಯಿತು. ಜಾಲತಾಣಗಳಿಗೆ 'ಇದು ಅಸಲಿ' ಎಂದು ಡಿಜಿಟಲ್ ಪ್ರಮಾಣಪತ್ರ ಕೊಡುವ ಸಂಸ್ಥೆ ಅದು. ಒಳಹೊಕ್ಕವರು ಗೂಗಲ್ ಹೆಸರೂ ಸೇರಿ 500ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರ ಹೊರಡಿಸಿಕೊಂಡರು. ಅದರ ಏಟು ಬಿದ್ದದ್ದು ಸುಮಾರು 3 ಲಕ್ಷ ಇರಾನಿ ಬಳಕೆದಾರರ ಮೇಲೆ, ಅವರ ಜಿಮೇಲ್ ಮೇಲೆ ಕಣ್ಣಿಡಲು ದಾರಿಯಾಯಿತು. ತನಿಖೆ ಮಾಡಿದವರು ಪರೀಕ್ಷಿಸಿದ ಸರ್ವರುಗಳಲ್ಲಿ ಆ್ಯಂಟಿವೈರಸ್ಸೇ ಇರಲಿಲ್ಲ. ಜುಲೈನಲ್ಲೇ ವಿಷಯ ಗೊತ್ತಾಗಿದ್ದರೂ ಕಂಪನಿ ಬಾಯಿ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ದಿವಾಳಿ ಎದ್ದಿತು. 2013ರಲ್ಲಿ ಬಿಟ್9 ಎಂಬ ಅಮೆರಿಕದ ಭದ್ರತಾ ಕಂಪನಿ, ತನ್ನ ಡಿಜಿಟಲ್ ಸಹಿ ಕದ್ದು ಮಾಲ್‌ವೇರ್‌ಗೆ ಒತ್ತಿದ್ದಾರೆಂದು ತಿಳಿಸಿತು. ಕಾರಣ ಕೇಳಿದರೆ, ಗ್ರಾಹಕರಿಗೆ ಮಾರುವ ತನ್ನದೇ ರಕ್ಷಣಾ ತಂತ್ರಾಂಶವನ್ನು ತನ್ನದೇ ಕೆಲವು ಕಂಪ್ಯೂಟರುಗಳಿಗೆ ಹಾಕುವುದನ್ನು ಅದು ಮರೆತಿತ್ತು. 2015ರ ಜುಲೈನಲ್ಲಿ, ಸರ್ಕಾರಗಳಿಗೆ ಬೇಹು ತಂತ್ರಾಂಶ ಮಾರುತ್ತಿದ್ದ ಮಿಲಾನ್‌ನ 'ಹ್ಯಾಕಿಂಗ್ ಟೀಮ್' ಕಂಪನಿಯ 400 ಗಿಗಾಬೈಟ್ ಮಾಹಿತಿ ಬೀದಿಗೆ ಬಂತು. ಸುಡಾನಿಗೆ ಮಾರಿಲ್ಲ ಎನ್ನುತ್ತಿದ್ದವರ ಕಡತದಲ್ಲಿ ಸುಡಾನಿನ ಬಿಲ್ ಸಿಕ್ಕಿತು. ಕಂಪನಿಯ ಟ್ವಿಟರ್ ಖಾತೆಯ ಹೆಸರನ್ನು ದಾಳಿಕೋರ 'ಹ್ಯಾಕ್ಡ್ ಟೀಮ್' ಎಂದು ತಿದ್ದಿ ಹೋದ. ಅವರ ಬಗ್ಗೆ ಮರುಕ ಹುಟ್ಟುವುದು ಕಷ್ಟ.

ಬೆಂಗಳೂರು ಈ ಪಟ್ಟಿಯಿಂದ ಹೊರಗುಳಿದಿಲ್ಲ. ಕ್ಲೌಡ್‌ಸೆಕ್ ಇಲ್ಲಿಯ ಕಂಪನಿ. ಡಾರ್ಕ್ ವೆಬ್‌ನಲ್ಲಿ ನಿಮ್ಮ ಕಂಪನಿಯ ಮಾಹಿತಿ ಮಾರಾಟಕ್ಕಿದೆಯೇ ಎಂದು ನೋಡಿ ಎಚ್ಚರಿಸುವುದು ಅದರ ವ್ಯವಹಾರ. 2022ರ ಡಿಸೆಂಬರಿನಲ್ಲಿ ಕ್ಲೌಡ್‌ಸೆಕ್‌ನ ಮಾಹಿತಿಯೇ ಅಲ್ಲಿ ಮಾರಾಟಕ್ಕೆ ಬಂತು. ಕಂಪನಿ ಹೇಳಿದ ಕಾರಣ ತೀರಾ ಸಾಮಾನ್ಯವಾದದ್ದು. ನೌಕರನೊಬ್ಬನ ಲ್ಯಾಪ್‌ಟಾಪ್ ನಿಧಾನವಾಯಿತೆಂದು ಹೊರಗಿನವರಿಗೆ ರಿಪೇರಿಗೆ ಕೊಟ್ಟರು. ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದ ಯಂತ್ರದಲ್ಲಿ ವಿಡಾರ್ ಎಂಬ ಮಾಹಿತಿಗಳ್ಳ ಮಾಲ್‌ವೇರೂ ಇತ್ತು. ಪಾಸ್‌ವರ್ಡ್ ಕದ್ದರೂ ಎರಡನೇ ಹಂತದ ದೃಢೀಕರಣ ಇದ್ದದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ. ಆದರೆ ಬ್ರೌಸರಿನ ಸೆಷನ್ ಕುಕಿ ಸಿಕ್ಕಿತು. ಈಗಾಗಲೇ ಒಳಗೆ ಬಂದವನು ಎಂಬ ಗುರುತುಚೀಟಿ ಅದು. ಅದನ್ನು ಹಿಡಿದು ಕೆಲಸಗಳ ಲೆಕ್ಕವಿಡುವ ತಾಣ ಜಿರಾದಲ್ಲಿದ್ದ ನೌಕರನ ಖಾತೆಗೆ ಹೋದರು, ಅಲ್ಲಿಂದ ಆಂತರಿಕ ದಾಖಲೆ ಪುಟಗಳಿಗೆ. ಗ್ರಾಹಕರ ಹೆಸರು, ಕೆಲವು ಖರೀದಿ ಆದೇಶಗಳು, ಪರದೆಯ ಚಿತ್ರಗಳು ಹೊರಬಿದ್ದವು. ಇದರ ಹಿಂದೆ ಇದೇ ವ್ಯಾಪಾರದ ಇನ್ನೊಂದು ಸೈಬರ್ ಭದ್ರತಾ ಕಂಪನಿಯ ಕೈವಾಡವಿರಬಹುದು ಎಂಬ ಶಂಕೆಯನ್ನು ಮುಖ್ಯಸ್ಥರು ಹೆಸರೆತ್ತದೆ ವ್ಯಕ್ತಪಡಿಸಿದರು. ದಿನದಿನಕ್ಕೆ ಸಿಕ್ಕಿದ್ದನ್ನು ಮುಚ್ಚಿಡದೆ ಹೇಳಿದ್ದಕ್ಕೆ ಅವರಿಗೆ ಅಂಕ ಕೊಡಬೇಕು. ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮುನ್ನ ಎಲ್ಲ ಖಾತೆಗಳಿಂದ ಲಾಗ್‌ಔಟ್ ಆಗುವವರು, ಬಂದ ಮೇಲೆ ಪಾಸ್‌ವರ್ಡ್ ಬದಲಿಸುವವರು ನಮ್ಮಲ್ಲಿ ಎಷ್ಟು ಮಂದಿ? ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ನಿಂತು ಕೇಳಿದರೆ ಉತ್ತರ ಸಿಗುತ್ತದೆ.

ಇಲ್ಲಿ ಯಾವ ಕಥೆಯಲ್ಲೂ ಪಾಂಡಿತ್ಯದ ಕೊರತೆ ಕಾಣುವುದಿಲ್ಲ. ಹಾಗ್‌ಲಂಡ್‌ಗೆ ರೂಟ್‌ಕಿಟ್ ಗೊತ್ತಿತ್ತು, ಆರ್‌ಎಸ್‌ಎಗೆ ಗಣಿತ ಗೊತ್ತಿತ್ತು. ಕೈಕೊಟ್ಟದ್ದು ಪ್ಯಾಚ್ ಹಾಕುವುದು, ಪಾಸ್‌ವರ್ಡ್ ಬೇರೆ ಬೇರೆ ಇಡುವುದು, ಬೇಡದ ಎಳೆಗಳನ್ನು ಕತ್ತರಿಸುವುದು ಇಂಥ ಮನೆಗೆಲಸ. ಇದರಲ್ಲಿ ಕೀರ್ತಿಯಿಲ್ಲ, ಬಡ್ತಿಯಿಲ್ಲ, ವೇದಿಕೆ ಹತ್ತಿ ಭಾಷಣ ಮಾಡುವ ಅವಕಾಶವಂತೂ ಇಲ್ಲ. ಭದ್ರತಾ ಕಂಪನಿಯೊಳಗೆ ಈ ಕೆಲಸ ಇನ್ನೂ ಕೆಳಕ್ಕೆ ಬೀಳುತ್ತದೆ, ಏಕೆಂದರೆ ನಿಯಮ ಗಿರಾಕಿಗಳಿಗೆ, ನಮಗಲ್ಲ ಎಂಬ ಭಾವ ಅಲ್ಲಿ ಸುಲಭವಾಗಿ ಹುಟ್ಟುತ್ತದೆ.

ದಾಳಿಗೊಳಗಾಗಿಯೂ ಹೆಸರು ಉಳಿಸಿಕೊಂಡ ಕಂಪನಿಗಳೂ ಇವೆ. 2020ರ ಕೊನೆಯಲ್ಲಿ ಫೈರ್‌ಐ ಎಂಬ ಭದ್ರತಾ ಕಂಪನಿಯ ಸಿಬ್ಬಂದಿಗೆ ಒಂದು ಎಚ್ಚರಿಕೆ ಬಂತು: ನೌಕರನೊಬ್ಬನ ಹೆಸರಲ್ಲಿ ಎರಡನೇ ಫೋನು ನೋಂದಣಿಯಾಗಿದೆ. ದಿನಕ್ಕೆ ಇಂಥವು ರಾಶಿ ರಾಶಿ ಬರುತ್ತವೆ, ಪಕ್ಕಕ್ಕೆ ಸರಿಸಿಬಿಡಬಹುದಿತ್ತು. ಯಾರೋ ಒಬ್ಬರು ಆ ನೌಕರನಿಗೆ ಫೋನ್ ಮಾಡಿ ಕೇಳಿದರು. ನನ್ನದಲ್ಲ ಎಂದನಾತ. ಅಲ್ಲಿಂದ ಎಳೆ ಹಿಡಿದು ಹೋದವರಿಗೆ ಸಿಕ್ಕಿದ್ದು ಟೆಕ್ಸಸ್‌ನ ಸೋಲಾರ್‌ವಿಂಡ್ಸ್ ಕಂಪನಿಯ ಒರಾಯನ್ ತಂತ್ರಾಂಶದೊಳಗೆ ಹೂತಿಟ್ಟಿದ್ದ ಹಿಂಬಾಗಿಲು. ಅಧಿಕೃತ ಅಪ್‌ಡೇಟಿನ ಜೊತೆ ಅದು ಸುಮಾರು 18,000 ಗ್ರಾಹಕರನ್ನು ತಲುಪಿತ್ತು. ಅಮೆರಿಕದ ಒಂಬತ್ತು ಕೇಂದ್ರ ಇಲಾಖೆಗಳೊಳಗೂ ದಾಳಿಕೋರರು ಓಡಾಡಿಕೊಂಡಿದ್ದರು. ಇದು ರಷ್ಯಾದ ಗುಪ್ತಚರ ಸಂಸ್ಥೆಯ ಕೆಲಸ ಎಂದು ಅಮೆರಿಕ ಆಮೇಲೆ ಹೇಳಿತು. ಫೈರ್‌ಐ ಮುಖ್ಯಸ್ಥ ಕೆವಿನ್ ಮಾಂಡಿಯಾ ಡಿಸೆಂಬರ್ 8ರಂದು ತಾವೇ ಹೊರಬಂದು, ನಮ್ಮ ಪರೀಕ್ಷಾ ಆಯುಧಗಳು ಕಳುವಾಗಿವೆ ಎಂದು ಹೇಳಿದರು. ಆ ಆಯುಧಗಳನ್ನು ಗುರುತಿಸಿ ತಡೆಯುವ 300ಕ್ಕೂ ಹೆಚ್ಚು ಉಪಾಯಗಳನ್ನು ಅದೇ ದಿನ ಬಿಟ್ಟಿಯಾಗಿ ಹಂಚಿದರು. ಷೇರು ಬಿತ್ತು, ವಾರದೊಳಗೆ ಸತ್ಯ ಪೂರ್ತಿ ಹೊರಬಂದ ಮೇಲೆ ಮತ್ತೆ ಎದ್ದಿತು. ಆ ಒಂದು ಫೋನ್ ಕರೆ ಮಾಡದೇ ಹೋಗಿದ್ದರೆ ಕಥೆ ಇನ್ನೆಷ್ಟು ತಿಂಗಳು ನಡೆಯುತ್ತಿತ್ತೋ.

ಕಾವಲುಗಾರರೇ ಇಷ್ಟು ಎಡವುವುದಾದರೆ ಕನ್ನ ಹಾಕುವವರನ್ನೇ ಕೆಲಸಕ್ಕಿಟ್ಟುಕೊಂಡರೆ ಹೇಗೆ ಎಂಬ ವಾದ ಹಳೆಯದು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಎನ್ನುವವರು ಒಂದು ಕಡೆ, ಕಳ್ಳನಿಗಲ್ಲದೆ ಇನ್ನಾರಿಗೆ ಗೊತ್ತು ಎನ್ನುವವರು ಇನ್ನೊಂದು ಕಡೆ. 2004ರಲ್ಲಿ ಜರ್ಮನಿಯಲ್ಲಿ ಈ ಜಗಳ ಬೀದಿಗೇ ಬಂದಿತ್ತು. ಸ್ವೆನ್ ಯಾಶನ್ ಎಂಬ ಹುಡುಗ ತನ್ನ 18ನೇ ಹುಟ್ಟುಹಬ್ಬದ ಹೊತ್ತಿಗೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ಸ್ಯಾಸರ್ ಎಂಬ ಹುಳುವನ್ನು ಅಂತರ್ಜಾಲಕ್ಕೆ ಬಿಟ್ಟ. ಬ್ರಿಟನ್ನಿನ ಕರಾವಳಿ ಕಾವಲು ಪಡೆಯ ನಕ್ಷೆಗಳು ನಿಂತವು, ಡೆಲ್ಟಾ ವಿಮಾನಗಳು ತಡವಾದವು. ಸುಳಿವು ಕೊಟ್ಟವರಿಗೆ ಮೈಕ್ರೊಸಾಫ್ಟ್ ಎರಡೂವರೆ ಲಕ್ಷ ಡಾಲರ್ ಇನಾಮು ಘೋಷಿಸಿತು. ಹುಡುಗ ಸಿಕ್ಕಿಬಿದ್ದ. ವಿಚಾರಣೆ ಇನ್ನೂ ಶುರುವಾಗುವ ಮುನ್ನವೇ ಸೆಕ್ಯುರ್‌ಪಾಯಿಂಟ್ ಎಂಬ ಫೈರ್‌ವಾಲ್ ಕಂಪನಿ ಅವನಿಗೆ ತರಬೇತಿ ನೌಕರಿ ಕೊಟ್ಟಿತು. ಅದರ ಜೊತೆ ವ್ಯವಹಾರವಿಟ್ಟುಕೊಂಡಿದ್ದ ಆ್ಯಂಟಿವೈರಸ್ ಕಂಪನಿಯೊಂದು ಮುನಿಸಿಕೊಂಡು ನಂಟು ಮುರಿಯಿತು. ಹುಳು ಬರೆಯುವುದು ನೌಕರಿಯ ಅರ್ಜಿಯಾಗಬಾರದು ಎಂಬ ಆ ಸಿಟ್ಟಿನಲ್ಲಿ ನ್ಯಾಯವಿತ್ತು. ತಪ್ಪೊಪ್ಪಿಕೊಂಡ ಹುಡುಗನಿಗೆ ನ್ಯಾಯಾಲಯ ಮರುವರ್ಷ 21 ತಿಂಗಳ ಅಮಾನತು ಶಿಕ್ಷೆ ಕೊಟ್ಟಿತು. ಅವನು ದುಡಿದು ತಿನ್ನುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಕೆವಿನ್ ಮಿಟ್ನಿಕ್ ಕಥೆ ದೊಡ್ಡದು. 1995ರ ಫೆಬ್ರುವರಿಯಲ್ಲಿ ಎಫ್‌ಬಿಐ ಕೈಗೆ ಸಿಕ್ಕಿದಾಗ ಅವನು ಅಮೆರಿಕದ ಅತಿ ಪ್ರಸಿದ್ಧ ಹ್ಯಾಕರ್. ಕೋಡ್‌ಗಿಂತ ಮಾತಿನಲ್ಲಿ ನಿಪುಣ, ಫೋನ್ ಮಾಡಿ ನೌಕರರಿಂದಲೇ ಗುಟ್ಟು ಹೊರಡಿಸುವವನು. ಐದು ವರ್ಷ ಒಳಗಿದ್ದು 2000ದ ಜನವರಿಯಲ್ಲಿ ಹೊರಬಂದ. ಆಮೇಲೂ ಮೂರು ವರ್ಷ ಅಂತರ್ಜಾಲ ಮುಟ್ಟುವಂತಿರಲಿಲ್ಲ. ಆದರೂ ಬಿಡುಗಡೆಯಾದ ಎರಡೇ ತಿಂಗಳಲ್ಲಿ ಅಮೆರಿಕದ ಸೆನೆಟ್ ಸಮಿತಿ ಅವನನ್ನು ಕರೆದು, ಸರ್ಕಾರಿ ಕಂಪ್ಯೂಟರುಗಳನ್ನು ಕಾಪಾಡುವುದು ಹೇಗೆಂದು ಕೇಳಿತು. ಮುಂದೆ ಅವನು ಭದ್ರತಾ ಸಲಹೆಗಾರನಾದ. ಅವನ ಜಾಲತಾಣಗಳನ್ನೂ ಹುಡುಗರು ಹೊಡೆದುರುಳಿಸಿದರು. 2009ರಲ್ಲಂತೂ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದ ಹೊತ್ತಿಗೇ ಅವನದೂ ಇನ್ನೊಬ್ಬ ತಜ್ಞ ಡಾನ್ ಕಮಿನ್ಸ್ಕಿಯದೂ ಮಾಹಿತಿ ಬಯಲಾಯಿತು.

ಎಚ್‌ಬಿಗ್ಯಾರಿಯನ್ನು ಕೆಡವಿದವರಲ್ಲಿ ಮೊನ್ಸೆಗರ್ 2011ರ ಜೂನ್‌ನಲ್ಲೇ ಎಫ್‌ಬಿಐಗೆ ಸಿಕ್ಕಿಬಿದ್ದು, ಗುಟ್ಟಾಗಿ ಅವರ ಪರ ಕೆಲಸ ಮಾಡತೊಡಗಿದ. ತನ್ನ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಹಿಡಿದುಕೊಡುತ್ತ ಮೂರು ವರ್ಷ ಕಳೆದ. ಆಮೇಲೆ ಸಿಯಾಟಲ್‌ನ ಒಂದು ಭದ್ರತಾ ಸಂಸ್ಥೆಗೆ ಸೇರಿದ. ಅವನಿಗೆ ಕೆಲಸ ಕೊಟ್ಟವರು ಯಾವ ಗುಣಕ್ಕೆ ಮಾರುಹೋದರು, ಕೌಶಲಕ್ಕೋ ವಿಧೇಯತೆಗೋ, ಗೊತ್ತಾಗುವುದಿಲ್ಲ. 16ರ ಅಲ್-ಬಸ್ಸಾಮ್ ಅಮಾನತು ಶಿಕ್ಷೆ ಮುಗಿಸಿ, ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪಿಎಚ್.ಡಿ. ಮಾಡಿ ಬ್ಲಾಕ್‌ಚೈನ್ ಕಂಪನಿ ಕಟ್ಟಿದ.

ತಿರುವುಮುರುವಾದದ್ದೂ ಉಂಟು. ನ್ಯೂಜೆರ್ಸಿಯ ಪಾರಸ್ ಝಾ ಎಂಬ ವಿದ್ಯಾರ್ಥಿ ಗೆಳೆಯನ ಜೊತೆ ಸೇರಿ 'ಪ್ರೊಟ್ರ್ಯಾಫ್ ಸೊಲ್ಯೂಷನ್ಸ್' ಎಂಬ ಕಂಪನಿ ತೆರೆದಿದ್ದ. ಜಾಲತಾಣಗಳನ್ನು ದಟ್ಟಣೆಯ ದಾಳಿಯಿಂದ ಕಾಪಾಡುವುದು ಅದರ ಸೇವೆ. ದಾಳಿಗೆ ಬೇಕಾದ ಸೇನೆಯನ್ನೂ ಇವರೇ ಕಟ್ಟಿದರು. ಸಿಸಿಟಿವಿ ಕ್ಯಾಮೆರಾ, ರೌಟರುಗಳಿಗೆ ಕಾರ್ಖಾನೆಯವರು ಇಟ್ಟ 60ಕ್ಕೂ ಹೆಚ್ಚು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಒತ್ತಿ ನೋಡುವ 'ಮಿರಾಯ್' ಎಂಬ ಮಾಲ್‌ವೇರ್ ಅದು. ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ಮೇಲೆ ಶುರುವಾದ ಈ ವ್ಯಾಪಾರ 2016ರಲ್ಲಿ ಅರ್ಧ ಅಂತರ್ಜಾಲವನ್ನೇ ಅಲ್ಲಾಡಿಸುವ ಮಟ್ಟಕ್ಕೆ ಬೆಳೆಯಿತು. ಕೊನೆಗೆ ಸಿಕ್ಕಿಬಿದ್ದಾಗ ಮಿರಾಯ್ ಪ್ರಕರಣದಲ್ಲಿ ನ್ಯಾಯಾಲಯ ಜೈಲಿನ ಬದಲು 2,500 ಗಂಟೆಗಳ ಸೇವೆ ವಿಧಿಸಿತು. ಸೇವೆ ಎಲ್ಲಿ? ಎಫ್‌ಬಿಐ ಜೊತೆ.

ಹ್ಯಾಕರನನ್ನು ಗೌರವದಿಂದ ಕರೆತಂದೂ ಉಪಯೋಗವಾಗದ ಉದಾಹರಣೆಗೆ ಟ್ವಿಟರ್ ನೋಡಬೇಕು. 2020ರ ಜುಲೈನಲ್ಲಿ ಫ್ಲಾರಿಡಾದ 17 ವರ್ಷದ ಹುಡುಗ ಸಂಗಡಿಗರೊಂದಿಗೆ ಸಿಬ್ಬಂದಿಗೆ ಫೋನ್ ಮಾಡಿ ಯಾಮಾರಿಸಿ ಒಬಾಮ, ಬೈಡನ್, ಮಸ್ಕ್ ಖಾತೆಗಳನ್ನು ವಶಪಡಿಸಿಕೊಂಡ. ಅವಮಾನಗೊಂಡ ಕಂಪನಿ ಕರೆತಂದದ್ದು ಪೀಟರ್ ಜಾಟ್ಕೊ ಅವರನ್ನು, ಹ್ಯಾಕರ್ ಲೋಕದ 'ಮಜ್'. ಅರ್ಧ ಗಂಟೆಯಲ್ಲಿ ಅಂತರ್ಜಾಲ ನಿಲ್ಲಿಸಬಲ್ಲೆವು ಎಂದು 1998ರಲ್ಲೇ ಸೆನೆಟ್ ಮುಂದೆ ಹೇಳಿದ್ದ ಲಾಫ್ಟ್ ಗುಂಪಿನವರು. ಬೇಕಾಗಿಲ್ಲದವರಿಗೂ ಒಳಗಿನ ವ್ಯವಸ್ಥೆಯ ಕೀಲಿ ಇದೆ ಎಂದು ಅವರು ಹೇಳುತ್ತ ಹೋದರು. 2022ರ ಜನವರಿಯಲ್ಲಿ ಅವರನ್ನೇ ಹೊರಹಾಕಿದರು. ಅದೇ ವರ್ಷ ಆಗಸ್ಟಿನಲ್ಲಿ ಅವರ ದೂರು ಬಹಿರಂಗವಾಯಿತು. ಭಾರತ ಸರ್ಕಾರ ತನ್ನ ಏಜೆಂಟನನ್ನು ನೌಕರಿಗೆ ಸೇರಿಸುವಂತೆ ಒತ್ತಾಯಿಸಿತು ಎಂಬ ಆರೋಪವೂ ಅದರಲ್ಲಿತ್ತು. ದೂರು ತಪ್ಪುಗಳಿಂದ ಕೂಡಿದೆ ಎಂದಿತು ಟ್ವಿಟರ್.

ನಮ್ಮಲ್ಲಿ ಈ ಪ್ರಶ್ನೆ ಬಂದಾಗೆಲ್ಲ ಜನ ಬಿಟ್‌ಕಾಯಿನ್ ಹಗರಣ ಎತ್ತುತ್ತಾರೆ. 2020ರಲ್ಲಿ ಬೆಂಗಳೂರು ಪೊಲೀಸರು ಬಂಧಿಸಿದ ಹ್ಯಾಕರ್ ಆರೋಪಿ ವಶದಲ್ಲಿದ್ದಾಗ, ಅವನನ್ನು ಖಾಸಗಿ ಸೈಬರ್ ತಜ್ಞರ ಬಳಿ ಕರೆದೊಯ್ದು ಕಾನೂನು ಮೀರಿ ಕೆಲಸ ಮಾಡಿಸಲಾಯಿತು ಎಂಬ ಆರೋಪದ ಮೇಲೆ ವಿಶೇಷ ತನಿಖಾ ತಂಡ 2024ರ ಜನವರಿಯಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನೂ ಒಬ್ಬ ತಜ್ಞನನ್ನೂ ಬಂಧಿಸಿತು. ತೀರ್ಮಾನ ನ್ಯಾಯಾಲಯದ್ದು. ಆದರೆ ಬೆಂಗಳೂರಿನ ಹ್ಯಾಕರ್ ಎಂದರೆ ಇಷ್ಟೇ ಎಂದುಕೊಂಡರೆ ಅನ್ಯಾಯವಾಗುತ್ತದೆ. 2016ರಲ್ಲಿ ಇಲ್ಲಿಯ ಫ್ಲಿಪ್‌ಕಾರ್ಟ್‌ನಲ್ಲಿ ಭದ್ರತಾ ಎಂಜಿನಿಯರ್ ಆಗಿದ್ದ ಆನಂದ್ ಪ್ರಕಾಶ್, ಫೇಸ್‌ಬುಕ್‌ನ ಬೀಟಾ ಪುಟದಲ್ಲಿ ಪಾಸ್‌ವರ್ಡ್ ಬದಲಿಸುವ ಸಂಕೇತವನ್ನು ಎಷ್ಟು ಸಲ ಬೇಕಾದರೂ ಊಹಿಸಿ ಒತ್ತಬಹುದು ಎಂಬುದನ್ನು ಕಂಡುಹಿಡಿದರು. ಯಾರ ಖಾತೆಗೆ ಬೇಕಾದರೂ ನುಗ್ಗಬಹುದಾಗಿದ್ದ ದೋಷ. ಕಂಪನಿಗೆ ತಿಳಿಸಿದರು, 15,000 ಡಾಲರ್ ಬಹುಮಾನ ಬಂತು. 'ನಲ್' ಎಂಬ ಬಳಗದ ಬೆಂಗಳೂರು ಶಾಖೆಯ ಸಭೆಗಳಲ್ಲಿ ಇಂಥ ಹುಡುಗ ಹುಡುಗಿಯರು ಕೂತು ತಮಗೆ ಸಿಕ್ಕ ದೋಷಗಳ ಬಗ್ಗೆ ಬಿಟ್ಟಿಯಾಗಿ ಪಾಠ ಹೇಳುತ್ತಾರೆ. ಅವರ ಅಳಲು ಒಂದೇ: ಅನುಮತಿ ಇಲ್ಲದೆ ಕಂಪ್ಯೂಟರ್ ಮುಟ್ಟಿದರೆ ಐಟಿ ಕಾಯ್ದೆಯ ಸೆಕ್ಷನ್ 43 ಮತ್ತು 66 ತಲೆಯ ಮೇಲೆ ತೂಗುತ್ತವೆ, ಮೂರು ವರ್ಷದವರೆಗೆ ಜೈಲು. ದೋಷ ಹುಡುಕಿದವರಿಗೆ ಬಹುಮಾನ ಕೊಡುವ ಬೌಂಟಿ ಯೋಜನೆ ಇರುವ ವಿದೇಶಿ ಕಂಪನಿಗೆ ದೋಷ ತಿಳಿಸಿದರೆ ಡಾಲರ್ ಬರುತ್ತದೆ, ಇಲ್ಲಿಯ ಕಚೇರಿಗೆ ತಿಳಿಸಿದರೆ ವಕೀಲರ ನೋಟಿಸ್ ಬಂದೀತೆಂಬ ಭಯ.

ಬೀಗ ಒಡೆಯುವ ಜಾಣತನವೇ ಬೀಗ ಕಾಯುವ ಶಿಸ್ತಲ್ಲ. ಹಾಗಾಗಿ ಹ್ಯಾಕರನನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೇ ಎಂಬುದಕ್ಕಿಂತ, ಯಾರನ್ನೇ ತೆಗೆದುಕೊಂಡರೂ ಮೊದಲ ದಿನ ಅವರ ಕೈಗೆ ಎಷ್ಟು ಕೀಲಿ ಕೊಡುತ್ತೀರಿ ಎಂಬುದು ನನಗೆ ದೊಡ್ಡ ಪ್ರಶ್ನೆಯಾಗಿ ಕಾಣುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ನೋಬಿಫೋರ್ ಕಂಪನಿ. ಮೋಸದ ಇ-ಮೇಲ್ ಗುರುತಿಸುವುದು ಹೇಗೆಂದು ಇತರ ಕಂಪನಿಗಳ ನೌಕರರಿಗೆ ತರಬೇತಿ ಕೊಡುವ ಫ್ಲಾರಿಡಾದ ಸಂಸ್ಥೆ. ಮಿಟ್ನಿಕ್ ಅಲ್ಲಿ ಪಾಲುದಾರ, ಹುದ್ದೆಯ ಹೆಸರು ಮುಖ್ಯ ಹ್ಯಾಕಿಂಗ್ ಅಧಿಕಾರಿ. 2023ರ ಜುಲೈನಲ್ಲಿ ತೀರಿಕೊಳ್ಳುವವರೆಗೂ ಅಲ್ಲಿದ್ದ. ಜಗತ್ತೆಲ್ಲ ಹೆದರಿದ್ದ ಹ್ಯಾಕರನನ್ನು ಹೆಸರು ಹೇಳಿ ಕೆಲಸಕ್ಕಿಟ್ಟುಕೊಂಡ ಈ ಕಂಪನಿಗೆ ಅವನಿಂದ ಕೇಡಾಗಲಿಲ್ಲ.

ಅವನು ಸತ್ತ ಮರುವರ್ಷ ಅದೇ ಕಂಪನಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ನೇಮಿಸಿಕೊಂಡಿತು. ನಾಲ್ಕು ವಿಡಿಯೊ ಸಂದರ್ಶನ ನಡೆಯಿತು, ಮುಖ ಅರ್ಜಿಯ ಚಿತ್ರದ ಜೊತೆ ಹೊಂದುತ್ತಿತ್ತು. ಹಿನ್ನೆಲೆ ಪರಿಶೀಲನೆಯಲ್ಲೂ ಪಾಸು, ಏಕೆಂದರೆ ಹೆಸರೂ ಗುರುತಿನ ಸಂಖ್ಯೆಯೂ ನಿಜವಾದ ಅಮೆರಿಕನ್ ಪ್ರಜೆಯಿಂದ ಕದ್ದವು. ಚಿತ್ರ ಮಾತ್ರ ಎಐ ತಿದ್ದಿದ್ದು. ಮ್ಯಾಕ್ ಕಂಪ್ಯೂಟರನ್ನು ಕೊಟ್ಟ ವಿಳಾಸಕ್ಕೆ ಕಳಿಸಿದರು. 2024ರ ಜುಲೈ 15ರ ರಾತ್ರಿ 9.55ಕ್ಕೆ ಆ ಯಂತ್ರದಲ್ಲಿ ಮಾಲ್‌ವೇರ್ ಇಳಿಸುವ ಯತ್ನ ಕಾಣಿಸಿತು. ಕಾವಲು ತಂಡ ಕೇಳಿದಾಗ, ರೌಟರ್ ನಿಧಾನವಾಗಿದೆ, ಸರಿಮಾಡುತ್ತಿದ್ದೇನೆ ಎಂದ. ಫೋನಿಗೆ ಸಿಗಲಿಲ್ಲ. ಸುಮಾರು 25 ನಿಮಿಷದಲ್ಲಿ ಯಂತ್ರವನ್ನು ಜಾಲದಿಂದ ಕತ್ತರಿಸಿದರು. ಆಮೇಲೆ ತಿಳಿದದ್ದು, ನೌಕರ ಉತ್ತರ ಕೊರಿಯಾದವನು. ಯಂತ್ರ ಹೋಗಿದ್ದು 'ಲ್ಯಾಪ್‌ಟಾಪ್ ಫಾರ್ಮ್' ಎನ್ನುವ ಮನೆಗೆ. ಅಲ್ಲಿ ಸಾಲಾಗಿ ಚಾಲೂ ಇಟ್ಟ ಕಂಪ್ಯೂಟರುಗಳಿಗೆ ಇಂಥ ನೌಕರರು ದೂರದಿಂದ ಹೊಕ್ಕು, ಅಮೆರಿಕದ ಹಗಲಿಗೆ ಸರಿಯಾಗಿ ತಮ್ಮ ರಾತ್ರಿಯಲ್ಲಿ ದುಡಿಯುತ್ತಾರೆ. ಸಂಬಳ ಹೋಗುವುದು ಪ್ಯೊಂಗ್ಯಾಂಗ್ ಸರ್ಕಾರಕ್ಕೆ. ಅರಿಜೋನಾದ ಒಬ್ಬ ಮಹಿಳೆ ಇಂಥದೇ ಫಾರ್ಮ್ ನಡೆಸಿ 300ಕ್ಕೂ ಹೆಚ್ಚು ಕಂಪನಿಗಳಿಗೆ ಟೋಪಿ ಹಾಕಲು ನೆರವಾದದ್ದಕ್ಕೆ 2025ರಲ್ಲಿ ಎಂಟೂವರೆ ವರ್ಷ ಶಿಕ್ಷೆಯಾಗಿದೆ.

ನೋಬಿಫೋರ್‌ನಲ್ಲಿ ಏನೂ ಕಳುವಾಗಲಿಲ್ಲ. ಹೊಸ ನೌಕರರಿಗೆ ಅಲ್ಲಿ ಇ-ಮೇಲ್, ತರಬೇತಿ ಪಾಠಗಳಂಥ ಸಣ್ಣಪುಟ್ಟದ್ದಕ್ಕಷ್ಟೇ ಪ್ರವೇಶ, ಗ್ರಾಹಕರ ಮಾಹಿತಿಯ ಹತ್ತಿರಕ್ಕೂ ಬಿಡುವುದಿಲ್ಲ. ಯಾರೂ ಕೇಳದೆಯೇ ಕಂಪನಿ ಇದೆಲ್ಲವನ್ನೂ ಬರೆದು ಪ್ರಕಟಿಸಿತು. ನೇಮಕಾತಿಯ ನಿಯಮವನ್ನೂ ಬದಲಿಸಿತು: ಇನ್ನು ಮುಂದೆ ಹೊಸಬರ ಕಂಪ್ಯೂಟರ್ ಮನೆ ವಿಳಾಸಕ್ಕೆ ಹೋಗುವುದಿಲ್ಲ, ಹತ್ತಿರದ ಕೊರಿಯರ್ ಅಂಗಡಿಗೆ ಹೋಗುತ್ತದೆ. ಕೆಲಸ ಸಿಕ್ಕವರು ಫೋಟೊ ಇರುವ ಗುರುತುಚೀಟಿ ತೋರಿಸಿ, ಖುದ್ದಾಗಿ ಬಂದು ತೆಗೆದುಕೊಂಡು ಹೋಗಬೇಕು.